ಆ ಕೆರೆಯ ಕಲ್ಲು ಎತ್ತಬೇಡಿ: ಸ್ಕಾಟ್ಲೆಂಡ್ ನೋಡಲು ಬರುವ ಕನ್ನಡಿಗರಿಗೊಂದು ಬಹಿರಂಗ ಪತ್ರ

ಸ್ಕಾಟ್ಲೆಂಡ್ ಸುತ್ತಲು ಹೊರಟಿರುವ ಕನ್ನಡದ ಅಕ್ಕಂದಿರಿಗೆ, ಅಣ್ಣಂದಿರಿಗೆ,

ನಮಸ್ಕಾರ. ನಾನು ತುಮಕೂರು ಕಡೆಯ ಹಳ್ಳಿಯವನು. ಹೊಟ್ಟೆಪಾಡಿಗೆ ಗ್ಲಾಸ್ಗೋದಲ್ಲಿದ್ದೇನೆ. ಈ ಪತ್ರ ಬರೆಯೋಕೆ ಕಾರಣ ನಾವೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ನಾವು ಮೂರು ಸಂಸಾರ ಸೇರಿಕೊಂಡು ಲೂಯಿಸ್ ದ್ವೀಪಕ್ಕೆ ಹೋಗಿದ್ದೆವು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡಲಿನಲ್ಲಿ ಔಟರ್ ಹೆಬ್ರಿಡೀಸ್ ಅಂತ ದ್ವೀಪಗಳ ಸಾಲು ಇದೆ. ಅದರ ಉತ್ತರದ ತುದಿಯಲ್ಲಿರೋದು ಲೂಯಿಸ್. ಉಲ್ಲಾಪೂಲ್ ಅನ್ನೋ ಊರಲ್ಲಿ ಕಾರನ್ನು ಹಡಗಿಗೆ ಹತ್ತಿಸಿ, ಎರಡೂವರೆ ಗಂಟೆಗೂ ಜಾಸ್ತಿ ಹೊತ್ತು ಹೊಟ್ಟೆ ತೊಳೆಸಿಕೊಂಡು ಕೂತರೆ ಸ್ಟೋರ್ನೊವೇ ಬರುತ್ತದೆ. ಊರು ದಾಟಿದರೆ ಮರವೇ ಇಲ್ಲ. ಬರೀ ಒದ್ದೆ ಬಯಲು, ಆ ಬಯಲಿನ ತುಂಬಾ ಕೆರೆಗಳು. ಒಂದಲ್ಲ, ಎರಡಲ್ಲ, ಎಣಿಸೋಕೇ ಆಗಲ್ಲ. ಇಲ್ಲಿಯವರ ಗೇಲಿಕ್ ಭಾಷೆಯಲ್ಲಿ ಕೆರೆಗೆ 'ಲಾಖ್' ಅನ್ನುತ್ತಾರೆ. ನೆಲವೆಲ್ಲ ಪೀಟ್, ಅಂದರೆ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಪಾಚಿ, ಹುಲ್ಲು. ಆ ಪೀಟ್ ಇಳಿದು ನೀರಿನ ಬಣ್ಣ ಥೇಟ್ ನಮ್ಮ ಕಾಫಿ ಡಿಕಾಕ್ಷನ್.

ರಸ್ತೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ಕೆರೆಗೆ ಹೋದೆವು. ಕೆರೆಯ ಒಳಗೆ, ದಡಕ್ಕೆ ಹತ್ತಿರವೇ, ಒಂದು ಪುಟ್ಟ ನಡುಗಡ್ಡೆ. ನಮ್ಮೂರಿನ ಕಣದಷ್ಟು ಅಗಲ ಇರಬಹುದು. ಸುತ್ತ ಕಲ್ಲು, ಮೇಲೆ ಹುಲ್ಲು, ಅಷ್ಟೇ. ದಡದಿಂದ ಅದರ ಕಡೆಗೆ ನೀರಿನ ಕೆಳಗೆ ಕಲ್ಲುಗಳ ಸಾಲು ಮಸುಕಾಗಿ ಕಾಣುತ್ತಿತ್ತು. ನನ್ನ ಗೆಳೆಯ ಪ್ಯಾಂಟ್ ಮಡಚಿಕೊಂಡು ಇಳಿದೇಬಿಟ್ಟ. ಸಾಲಿನಲ್ಲಿ ನಡುವೆ ಕಲ್ಲು ಕುಸಿದಿತ್ತು. ಅವನು ನಡುಗಡ್ಡೆಯ ಅಂಚಿನಿಂದ ಕಲ್ಲು ಕಿತ್ತು ಕಿತ್ತು ಅಲ್ಲಿಗೆ ತುಂಬಿದ, ನಮಗೆಲ್ಲ ದಾಟೋಕೆ ಅನುಕೂಲ ಆಗಲಿ ಅಂತ. ಅವನ ಮಗಳು, ಎಂಟು ವರ್ಷದ ಪುಟ್ಟಿ, ನಡುಗಡ್ಡೆಯ ಮೇಲೆ 7 ಕಲ್ಲು ಒಂದರ ಮೇಲೊಂದು ಇಟ್ಟು ಗೋಪುರ ಮಾಡಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನು ಒಂದು ಕಲ್ಲೂ ಮುಟ್ಟಲಿಲ್ಲ. ದಡದಲ್ಲಿ ನಿಂತು ವಿಡಿಯೋ ಮಾಡುತ್ತಿದ್ದೆ, ನೋಡುಗರಿಗೆ ಕಾಮೆಂಟರಿ ಬೇರೆ. ನಾಚಿಕೆ ಆಗೋದು ಅದಕ್ಕೇ ಜಾಸ್ತಿ.

ಆಗ ನಾಯಿ ಕರೆದುಕೊಂಡು ಒಬ್ಬ ಅಜ್ಜ ಬಂದರು. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದರು. ಬೈಯಲಿಲ್ಲ.

"ಆ ಕಲ್ಲುಗಳು ಅಲ್ಲಿಗೆ ಬಂದು ಸ್ವಲ್ಪ ದಿನ ಆಯ್ತು" ಅಂದರು.

"ಎಷ್ಟು ದಿನ?" ಅಂತ ಕೇಳಿದೆ.

"ಈ ಕೆರೆಯನ್ನು ಯಾರೂ ಅಗೆದು ನೋಡಿಲ್ಲ. ಪಕ್ಕದ ಕೆರೆಗಳಲ್ಲಿ ನೋಡಿದ್ದಾರೆ. ಐದು ಸಾವಿರ ವರ್ಷದ ಮೇಲೆ ಅಂತಾರೆ. ಇದೂ ಇರಬಹುದು."

ಗೆಳೆಯನ ಕೈಯಲ್ಲಿ ಆಗ ಒಂದು ಕಲ್ಲಿತ್ತು. ಅದನ್ನು ಕೆಳಗೆ ಇಡೋದೋ ಹಿಡಕೊಂಡಿರೋದೋ ಗೊತ್ತಾಗದೆ ನಿಂತುಬಿಟ್ಟ.

ಆಮೇಲೆ ಕಲ್ಲುಗಳನ್ನು ಹಿಂದಕ್ಕೆ ಇಡೋಕೆ ನೋಡಿದೆವು. ಕಲ್ಲಿನ ಒಂದು ಮಗ್ಗುಲಿಗೆ ಬೂದು ಬಣ್ಣದ ಕಲ್ಲುಹೂವು ಹತ್ತಿತ್ತು, ಇನ್ನೊಂದು ಮಗ್ಗುಲು ಕಪ್ಪಗೆ, ಒದ್ದೆಯಾಗಿ, ಬೋಳಾಗಿತ್ತು. ಕಲ್ಲುಹೂವು ಇರೋದು ಮೇಲೆ ಬರಬೇಕು, ಅಷ್ಟು ಗೊತ್ತಾಯಿತು. ಆದರೆ ಯಾವ ಕಲ್ಲು ಯಾವ ಗುಳಿಯದ್ದು? ಪುಟ್ಟಿ ಒಂದೊಂದನ್ನೇ ತಿರುಗಿಸಿ ತಿರುಗಿಸಿ ಹೊಂದಿಸುತ್ತಿದ್ದಳು, ಪಜಲ್ ಆಡುವ ಹಾಗೆ. ಒಂದೂ ಸರಿಯಾಗಿ ಕೂರಲಿಲ್ಲ. ಕೊನೆಗೆ ಅಜ್ಜ, "ಬಿಡಿ, ಇನ್ನಷ್ಟು ಕೆದಕಬೇಡಿ" ಅಂದು ನಾಯಿಗೆ ಸಿಳ್ಳೆ ಹಾಕಿ ಹೊರಟುಹೋದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಜೂನ್‌ನಲ್ಲಿ ಅಲ್ಲಿ ಹೆಚ್ಚುಕಮ್ಮಿ ರಾತ್ರಿಯೇ ಇರಲ್ಲ, ಅದೂ ಒಂದು ಕಾರಣ. ಎದ್ದು ಓದುತ್ತಾ ಕೂತೆ. ಅವತ್ತಿನಿಂದ ಓದುತ್ತಲೇ ಇದ್ದೇನೆ. ಓದಿದ್ದರಲ್ಲಿ ನಿಮಗೆ ಬೇಕಾದಷ್ಟನ್ನು ಹೇಳುತ್ತೇನೆ.

ಆ ಪುಟ್ಟ ನಡುಗಡ್ಡೆಯಂಥದ್ದಕ್ಕೆ 'ಕ್ರ್ಯಾನಗ್' ಅನ್ನುತ್ತಾರೆ. ಮನುಷ್ಯರು ಕೆರೆಯೊಳಗೆ ಕಟ್ಟಿದ ದ್ವೀಪ. ಕೆಲವು ಪೂರ್ತಿ ಕಟ್ಟಿದ್ದು, ಕೆಲವು ಮೊದಲೇ ಇದ್ದ ಬಂಡೆಯನ್ನೋ ತಿಟ್ಟನ್ನೋ ದೊಡ್ಡದು ಮಾಡಿದ್ದು. ಸ್ಕಾಟ್ಲೆಂಡಿನಲ್ಲಿ ಇಂಥವು 570ರ ಆಸುಪಾಸು ಗೊತ್ತಿವೆ. ಅದರಲ್ಲಿ ಕಾಲ ಗೊತ್ತುಮಾಡಿರೋದು ಹತ್ತಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಬಹಳ ಕಾಲ ಪಂಡಿತರೆಲ್ಲ ಇವು ಕಬ್ಬಿಣದ ಯುಗದವು, ಹೆಚ್ಚೆಂದರೆ ಕ್ರಿ.ಪೂ. 800ರಿಂದ ಈಚಿನವು ಅಂತಲೇ ನಂಬಿದ್ದರು. ಕೆಲವದರಲ್ಲಿ 17ನೇ ಶತಮಾನದವರೆಗೂ ಜನ ಇದ್ದರು.

ಆ ನಂಬಿಕೆ ಅಲ್ಲಾಡಿದ್ದು ನಾರ್ತ್ ಯೂಯಿಸ್ಟ್ ಅನ್ನೋ ಪಕ್ಕದ ದ್ವೀಪದಲ್ಲಿ. ಅಲ್ಲಿ ಲಾಖ್ ಓಲಾವಟ್ ಅಂತ ಒಂದು ಸಣ್ಣ ಕೆರೆ. ಅದರೊಳಗೆ ಏಲನ್ ಡೋನಿಲ್, ಅಂದರೆ ಡೋನಲ್‌ನ ದ್ವೀಪ. 1980ರ ದಶಕದ ಕೊನೆಯಲ್ಲಿ ಇಯಾನ್ ಆರ್ಮಿಟ್ ಅನ್ನೋ ಪುರಾತತ್ವಜ್ಞರು ಅಲ್ಲಿ ಅಗೆಯೋಕೆ ಶುರು ಮಾಡಿದರು. ಕಬ್ಬಿಣದ ಯುಗದ್ದು ಸಿಗುತ್ತದೆ ಅಂತ ಹೋದವರಿಗೆ ಸಿಕ್ಕಿದ್ದು ಹೊಸ ಶಿಲಾಯುಗ. ಒಲೆಯ ಮೇಲೆ ಒಲೆ, ನೆಲದ ಮೇಲೆ ನೆಲ. ಮನೆ ಬಿದ್ದಾಗೆಲ್ಲ ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದಾರೆ. ಕೆರೆ ಏರಿದ ಹಾಗೆ ಮನೆಯನ್ನೂ ಮೇಲಕ್ಕೆ ಏರಿಸಿಕೊಂಡು ಹೋಗಿದ್ದಾರೆ. ದಡಕ್ಕೆ ಮೊದಲು ಮರದ ದಾರಿ, ಆಮೇಲೆ ಕಲ್ಲಿನ ದಾರಿ. ಮಡಕೆ ಚೂರುಗಳಂತೂ ಸಾವಿರ ಸಾವಿರ. ಆದರೂ ಎಷ್ಟೋ ವರ್ಷ ಅದೊಂದೇ ಉದಾಹರಣೆಯಾಗಿ ಉಳಿಯಿತು. ಏನೋ ಒಂದು ವಿಚಿತ್ರ, ಅಪವಾದ ಅಂತ ಜನ ಪಕ್ಕಕ್ಕಿಟ್ಟಿದ್ದರು.

ಈಗ ಲೂಯಿಸ್‌ಗೆ ಬನ್ನಿ. ಕ್ರಿಸ್ ಮರ್ರಿ ಅಂತ ಒಬ್ಬರು. ಮೊದಲು ಬ್ರಿಟಿಷ್ ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದವರು, ಆಮೇಲೆ ಲೂಯಿಸ್‌ನಲ್ಲೇ ನೆಲೆ ನಿಂತರು. ಅವರು ಸುಮ್ನೆ ಕುತೂಹಲಕ್ಕೆ ಲಾಖ್ ಆರ್ನಿಶ್ ಅನ್ನೋ ಕೆರೆಯ ನಡುಗಡ್ಡೆಯ ಸುತ್ತ ಮುಳುಗಿದರು. ಡಿಕಾಕ್ಷನ್ ನೀರಿನ ತಳದಲ್ಲಿ ಮಡಕೆಗಳು ಬಿದ್ದಿದ್ದವು. ಇದು 2012ರ ಹೊತ್ತಿನ ಮಾತು. ಅವರು ಅದನ್ನು ಮನೆಯ ಶೋಕೇಸಿಗೆ ಸೇರಿಸಲಿಲ್ಲ. ಸ್ಟೋರ್ನೊವೇಯ ಮ್ಯೂಸಿಯಂನವರಿಗೆ ಹೇಳಿದರು. ಅಲ್ಲಿಯ ಮಾರ್ಕ್ ಎಲಿಯಟ್ ಅವರ ಜೊತೆ ಸೇರಿ ಉಪಗ್ರಹದ ಚಿತ್ರ ನೋಡಿ ನೋಡಿ ಬೇರೆ ಕೆರೆಗಳನ್ನೂ ಹುಡುಕಿದರು. ಐದು ಕಡೆ ಇದೇ ಕಥೆ. ಮುಂದೆ ರೆಡಿಂಗ್ ವಿಶ್ವವಿದ್ಯಾಲಯದ ಡಂಕನ್ ಗ್ಯಾರೋ, ಸೌತಾಂಪ್ಟನ್ ವಿಶ್ವವಿದ್ಯಾಲಯದ ಫ್ರೇಸರ್ ಸ್ಟರ್ಟ್ ಬಂದು 2016, 2017ರಲ್ಲಿ ಸರಿಯಾಗಿ ಕೆಲಸ ಮಾಡಿ, 2019ರಲ್ಲಿ ಪ್ರಕಟಿಸಿದರು. ಕಾರ್ಬನ್ ಡೇಟಿಂಗ್, ಅಂದರೆ ಒಂದು ಕಾಲಕ್ಕೆ ಜೀವ ಇದ್ದ ವಸ್ತುವಿನಲ್ಲಿ ಉಳಿದ ಕಾರ್ಬನ್ ಅಳೆದು ವಯಸ್ಸು ಹೇಳುವ ವಿಧಾನ, ಅದರ ಪ್ರಕಾರ ಕಾಲ ಕ್ರಿ.ಪೂ. 3640ರಿಂದ 3360ರ ನಡುವೆ. ನೀವೆಲ್ಲ ಸೆಲ್ಫಿ ತೆಗೆಸಿಕೊಳ್ಳೋಕೆ ಹೋಗುವ ಕ್ಯಾಲನಿಶ್‌ನ ಎತ್ತರದ ನಿಲುಗಲ್ಲುಗಳು ಇದೇ ದ್ವೀಪದಲ್ಲಿವೆ ಅಲ್ವಾ, ಅವಕ್ಕಿಂತ ಈ ಕೆರೆ ದಿಬ್ಬಗಳು ನಾಲ್ಕೈನೂರು ವರ್ಷ ಹಳೆಯವು. ಆದರೆ ಕ್ಯಾಲನಿಶ್‌ಗೆ ಬೋರ್ಡು ಇದೆ, ಕಾಫಿ ಸಿಗುತ್ತದೆ. ಇವಕ್ಕೆ ಬೇಲಿಯೂ ಇಲ್ಲ.

ಆ ಮಡಕೆಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನನ್ನು ಹಿಡಿದಿಟ್ಟಿದ್ದೇ ಅವು.

ಪ್ರಕಟವಾದ ಫೋಟೋಗಳನ್ನು ನೋಡಿ. ತಿಗರಿ ಇಲ್ಲದೆ ಕೈಯಲ್ಲೇ ಮಾಡಿದ್ದು. ತಳ ಗುಂಡಗೆ, ಮೂರು ಕಲ್ಲಿನ ಒಲೆಯ ಮೇಲೆ ಕೂರಿಸುವ ನಮ್ಮ ಮಡಕೆಯ ಹಾಗೆ. ಕೆಲವು ಅಗಲ ಬಾಯಿಯ ಬಟ್ಟಲು, ಕಂಠದ ಸುತ್ತ ಗೆರೆ ಕೊರೆದ ಅಲಂಕಾರ. ಹೊರಗೆ ಮಸಿ ಹತ್ತಿದೆ. ಒಳಗೆ ಅಡುಗೆ ಸೀದು ಅಂಟಿದೆ. 5500 ವರ್ಷದ ಹಿಂದೆ ಯಾರೋ ಒಲೆ ಮೇಲಿಟ್ಟು ಮರೆತದ್ದು ಇನ್ನೂ ತಳ ಹಿಡಿದುಕೊಂಡಿದೆ! ನಮ್ಮ ಅಮ್ಮನಿಗೆ ಫೋನಿನಲ್ಲಿ ಈ ಫೋಟೋ ಕಳಿಸಿದೆ. "ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಹೋಗ್ತಿತ್ತು" ಅಂದರು.

ಆ ಸೀದ ಮಡಕೆಯಲ್ಲಿ ಏನಿತ್ತು ಅಂತಲೂ ಗೊತ್ತಾಗಿದೆ. ಮಡಕೆಯ ಗೋಡೆ ಅಡುಗೆಯ ಜಿಡ್ಡನ್ನು ಹೀರಿಕೊಂಡಿರುತ್ತದೆ. ಮಾಂಸ, ಹಾಲಿನ ಕೊಬ್ಬು ಹಾಗೆ ಉಳಿಯೋದು ಹೊಸದಲ್ಲ. ಆದರೆ ಕಾಳುಕಡ್ಡಿಯ ಗುರುತು ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ತಣ್ಣನೆಯ ಕೆರೆಯ ತಳದಲ್ಲಿ ಅದೂ ಉಳಿದುಕೊಂಡಿತ್ತು. 2022ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಅಧ್ಯಯನದಲ್ಲಿ ಈ ಮಡಕೆಗಳಲ್ಲಿ ಗೋಧಿ ಕಂಡಿತು, ಅದರ ಜೊತೆಗೆ ಹಾಲು. ಆ ಕಾಲದ ಲೂಯಿಸ್ ಕಡೆ ಅಗೆದಾಗ ಸಿಗುವ ಸುಟ್ಟ ಕಾಳು ಹೆಚ್ಚಾಗಿ ಬಾರ್ಲಿ. ಗೋಧಿಯೂ ಬೇಯಿಸುತ್ತಿದ್ದರು ಅಂತ ಮಡಕೆಯಿಂದಲೇ ಗೊತ್ತಾಗಿದ್ದು. ಇನ್ನೂ ಒಂದು ಸ್ವಾರಸ್ಯ: ಹಾಲು ಗೋಧಿ ಸಿಕ್ಕಿದ್ದು ಹೆಚ್ಚಾಗಿ ಸಣ್ಣ ಬಾಯಿಯ ಮಡಕೆಗಳಲ್ಲಿ. ದೊಡ್ಡ ಬಾಯಿಯವು ಮಾಂಸಕ್ಕೆ. ಅಂದರೆ ಹಾಲಿನ ಪಾತ್ರೆಯೇ ಬೇರೆ, ಬಾಡಿನ ಪಾತ್ರೆಯೇ ಬೇರೆ. ಈ ಲೆಕ್ಕಾಚಾರವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನಂತೂ ಅದನ್ನು ಗೋಧಿ ಹುಗ್ಗಿ ಅಂತಲೇ ಕರೆಯೋದು. ಬೆಲ್ಲ ಒಂದು ಇರಲಿಲ್ಲ ಪಾಪ.

ಈ ಮಡಕೆಗಳು ನೀರಿಗೆ ಹೇಗೆ ಬಂದವು? ಕೈಜಾರಿ ಬಿದ್ದವು ಅಂತ ಹೇಳೋಕೆ ಆಗಲ್ಲ, ಅಷ್ಟೊಂದಿವೆ. ಒಡೆದ ಮೇಲೆ ಎಸೆದ ಬೋಕಿ ಅಂತಲೂ ಹೇಳೋಕೆ ಆಗಲ್ಲ, ಕೆಲವು ಹೆಚ್ಚುಕಮ್ಮಿ ಇಡಿಯಾಗಿಯೇ ಇವೆ. ಬೇಕಂತಲೇ ನೀರಿಗೆ ಬಿಟ್ಟಿರಬೇಕು ಅನ್ನೋದು ಸಂಶೋಧಕರ ಅಭಿಪ್ರಾಯ. ಊರೆಲ್ಲ ಸೇರಿ ಊಟ ಮಾಡುವ ಜಾಗವೋ, ಯಾವುದೋ ಆಚರಣೆಯೋ, ಇನ್ನೂ ಚರ್ಚೆ ನಡೆದಿದೆ. ನನಗೆ ಇದನ್ನು ಓದಿದ ಕೂಡಲೇ ನೆನಪಾಗಿದ್ದು ನಮ್ಮಜ್ಜಿ. ಕೆರೆ ಕೋಡಿ ಬಿದ್ದ ವರ್ಷ ಊರ ಹೆಂಗಸರೆಲ್ಲ ಏರಿ ಮೇಲೆ ಹೋಗಿ ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು. ಹೊಸ ಮೊರ, ಅದರಲ್ಲಿ ಅರಿಸಿನ ಕುಂಕುಮ, ಬಳೆ, ಅಕ್ಕಿ ಬೇಳೆ. ಅಜ್ಜಿ ಮೊರವನ್ನು ನೀರಿಗೆ ಎಸೆಯುತ್ತಿರಲಿಲ್ಲ. ಬಗ್ಗಿ, ನೀರಿನ ಮೇಲೆ ಇಟ್ಟು, ಎರಡು ಬೆರಳಲ್ಲಿ ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದಳು. ಅದು ತಿರುಗಿ ದಡಕ್ಕೆ ಬಂದರೆ ಇನ್ನೊಂದು ಸಲ. ಲೂಯಿಸ್‌ನವರೂ ಬಾಗಿನ ಬಿಟ್ಟರು ಅಂತ ನಾನು ಹೇಳುತ್ತಿಲ್ಲ. ವಾಟ್ಸಾಪ್‌ನಲ್ಲಿ 'ಸ್ಕಾಟ್ಲೆಂಡಿನಲ್ಲಿ 5500 ವರ್ಷ ಹಳೆಯ ಗಂಗಾಪೂಜೆ' ಅಂತ ಹರಿಬಿಡಬೇಡಿ, ದಯವಿಟ್ಟು. ಆದರೆ ಚೆನ್ನಾಗಿರುವ ಪಾತ್ರೆಯನ್ನು ಒಬ್ಬರು ನೀರಿಗೆ ಯಾಕೆ ಬಿಡುತ್ತಾರೆ ಅಂತ ಒಬ್ಬ ಇಂಗ್ಲಿಷಿನವನು ತಲೆ ಕೆರೆದುಕೊಳ್ಳಬಹುದು. ನಮಗೆ ಅದು ಅಷ್ಟೇನೂ ವಿಚಿತ್ರ ಅನ್ನಿಸಲ್ಲ.

ಇನ್ನು ಕಲ್ಲಿನ ವಿಷಯ. ನಮ್ಮಜ್ಜಿ ಏರಿಯ ಕಲ್ಲು ಮುಟ್ಟೋಕೂ ಬಿಡುತ್ತಿರಲಿಲ್ಲ. ಒಂದು ಸಲ ಬುಗುರಿ ಆಡೋ ಜಾಗದಲ್ಲಿ ಕೂರೋಕೆ ಅಂತ ಏರಿಯಿಂದ ಒಂದು ಕಲ್ಲು ಉರುಳಿಸಿಕೊಂಡು ಬಂದಿದ್ದೆ. ಅದನ್ನು ನನ್ನ ಕೈಯಿಂದಲೇ ವಾಪಸ್ ಹೊರಿಸಿದಳು. ಕೆರೆಯ ಕಲ್ಲು ಯಾರೋ ಹೊತ್ತು ತಂದು ಇಟ್ಟದ್ದು ಅನ್ನೋದು ನಮ್ಮ ಮೈಯಲ್ಲೇ ಇರುವ ತಿಳುವಳಿಕೆ. ಹೊರದೇಶಕ್ಕೆ ಬಂದ ಕೂಡಲೇ ಅದು ಎಲ್ಲಿ ಹೋಯಿತು ಅಂತ ನನಗೆ ಆಶ್ಚರ್ಯ. ಇಲ್ಲಿ ಕಂಡದ್ದೆಲ್ಲ ನಮಗೆ 'ನೇಚರ್', ಫೋಟೋಗೆ ಹಿನ್ನೆಲೆ.

ಲೂಯಿಸ್‌ನ ಈ ಕಲ್ಲುಗಳನ್ನೂ ದೋಣಿಯಲ್ಲೋ ತೆಪ್ಪದಲ್ಲೋ ಯಾರೋ ಹೊತ್ತು ತಂದಿದ್ದಾರೆ. ಲಾಖ್ ವೋರ್ಗಸ್ಟೇಲ್ ಅನ್ನೋ ಕೆರೆಯಲ್ಲಿ ಮುಂದೆ ಅಗೆದಾಗ ಕಲ್ಲಿನ ಕೆಳಗೆ ಮರದ ದಿಮ್ಮಿ, ರೆಂಬೆಕೊಂಬೆಗಳ ಹಾಸು ಸಿಕ್ಕಿತು. ಇವತ್ತು ಮರವೇ ಕಾಣದ ದ್ವೀಪದಲ್ಲಿ ಆವತ್ತು ಮರ ಇತ್ತು. ಅದನ್ನು ಕಡಿದು, ನೀರಲ್ಲಿ ಹಾಸಿ, ಮೇಲೆ ಕಲ್ಲು ಹೇರಿದ್ದಾರೆ. ಆ ಮರ ಕೊಳೆಯದೆ ಉಳಿದಿರೋದು ಯಾಕೆ ಅಂದರೆ ನೀರು ಮತ್ತು ಮೇಲಿನ ಹೊರೆ ಸೇರಿ ಗಾಳಿ ತಾಗದ ಹಾಗೆ ಮುಚ್ಚಿವೆ. ನಮ್ಮ ಗೆಳೆಯ ಕಿತ್ತ ಕಲ್ಲುಗಳು ಅಂಥ ಮುಚ್ಚಳದ ಚೂರುಗಳೇ ಇರಬಹುದು. ಅಂಚಿನ ಒಂದು ಕಲ್ಲು ಹೋದರೆ ಅಲೆ ಅಲ್ಲಿ ಒಳಗೆ ನುಗ್ಗುತ್ತದೆ. ಹೆಬ್ರಿಡೀಸ್‌ನ ಗಾಳಿಗೆ ಸಣ್ಣ ಕೆರೆಯಲ್ಲೂ ಅಲೆ ಏಳುತ್ತದೆ. ಹೂಳು ತೊಳೆದುಹೋಗುತ್ತದೆ, ಹೂಳಿನಲ್ಲಿದ್ದ ಬೋಕಿ, ಕಾಳು, ಕೊಂಬೆ ಹೋಗುತ್ತದೆ. ಕಾಲ ಗೊತ್ತುಮಾಡೋಕೆ ಬೇಕಾಗೋದು ಅದೇ ಕಾಳು, ಕೊಂಬೆ. ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡೋಕೆ ಆಗಲ್ಲ.

ಇನ್ನೊಂದು ತೊಂದರೆ ನನಗೆ ಆಮೇಲೆ ಹೊಳೆಯಿತು. ಸಂಶೋಧಕರು ಈ ಕೆರೆಗಳ ತಳದಲ್ಲಿ ಈಜುತ್ತಾ ಸಾವಿರಾರು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿ, ಒಂದೊಂದು ಕಲ್ಲನ್ನೂ ನಕ್ಷೆಯಲ್ಲಿ ಗುರುತಿಸುತ್ತಾರೆ. ಮುಂದೊಂದು ದಿನ ನಮ್ಮ ಕೆರೆಗೂ ಬರುತ್ತಾರೆ. ಬಂದಾಗ ನಮ್ಮ ಗೆಳೆಯ ತುಂಬಿದ 14–15 ಕಲ್ಲುಗಳ ದಾರಿಯನ್ನೂ ಬರೆದುಕೊಳ್ಳುತ್ತಾರೆ. ಹೊಸ ಶಿಲಾಯುಗದ ಎಂಜಿನಿಯರ್ ಅಂತ ಅವನ ಹೆಸರು ಉಳಿಯುತ್ತದೆ. ನಾವು ಈಗ ಇದನ್ನು ಹೇಳಿ ನಗುತ್ತೇವೆ. ಅವನು ನಗಲ್ಲ.

ಊರಲ್ಲೂ ಇದೇ ಗೋಳು ಅಂತ ನೀವು ಹೇಳಬಹುದು. ನಿಜ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದಲ್ಲಿ ಮೊರೇರ ಮನೆಗಳು ಅಂತ ಕರೆಯುವ ಕಲ್ಮನೆಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ನಿಧಿ ಆಸೆಗೆ ಅಲ್ಲಿ ಚಪ್ಪಡಿ ಉರುಳಿಸಿದವರು ಹೊರಗಿನವರೇನಲ್ಲ. ಅದರ ಬಗ್ಗೆ ಬೇರೆ ಪತ್ರವೇ ಬರೆಯಬೇಕು.

ಆದರೆ ಸ್ಟೋರ್ನೊವೇಗೂ ನಮಗೂ ಒಂದು ಹಳೆಯ ಬಾಕಿ ಇದೆ. ಕಾಲಿನ್ ಮೆಕೆಂಜಿ ಹೆಸರು ಕೇಳಿದ್ದೀರಲ್ಲ? ಊರೂರಿನ ಕೈಫಿಯತ್ತು, ಅಂದರೆ ಊರಿನ ಹಳೆಯ ಚರಿತ್ರೆ, ಬರೆಸಿಕೊಂಡವನು. ಅವನು ಇದೇ ಸ್ಟೋರ್ನೊವೇಯಲ್ಲಿ ಹುಟ್ಟಿದವನು. ಇಲ್ಲೇ ಸುಂಕದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ಆಮೇಲೆ ಕಂಪನಿ ಸೈನ್ಯ ಸೇರಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆದ. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ ಮುಂತಾದವರು ಊರೂರು ಸುತ್ತಿ, ಶಾನುಭೋಗರನ್ನು ಕೇಳಿ, ಶಾಸನಗಳನ್ನು ನಕಲು ಮಾಡಿ ತಂದರು. ಈ ಊರಿನ ಕೆರೆ ಯಾರು ಕಟ್ಟಿಸಿದರು, ಆ ಊರಿಗೆ ಆ ಹೆಸರು ಯಾಕೆ ಬಂತು ಅನ್ನೋ ಎಷ್ಟೋ ಸಂಗತಿ ಅದರಿಂದ ಉಳಿದಿವೆ. ಅವನೇನು ಸಾಧು ಅಲ್ಲ. ಕಂಪನಿಯ ಲಾಭಕ್ಕೇ ಅಳೆದದ್ದು. ಅಮರಾವತಿ ಸ್ತೂಪದ ಕೆಲವು ಕೆತ್ತನೆ ಕಲ್ಲುಗಳನ್ನು ಅಲ್ಲಿಂದ ಸಾಗಿಸಿದ್ದೂ ಉಂಟು. ಆದರೆ ನಮ್ಮ ಊರುಗಳ ಮಟ್ಟಿಗೆ ಅವನ ಕಡೆಯವರು ಹೆಚ್ಚಾಗಿ ಮಾಡಿದ್ದು ನೋಡಿ, ಕೇಳಿ, ಬರೆದುಕೊಂಡು, ಕಲ್ಲನ್ನು ಇದ್ದಲ್ಲೇ ಬಿಟ್ಟದ್ದು. ಅವನ ಹುಟ್ಟೂರಿಗೆ ಹೋದಾಗ ನಾವೂ ಅಷ್ಟು ಮಾಡಬಹುದು.

ಸರಿ, ಏನು ಮಾಡಬೇಕು ಅಂತ ನೇರವಾಗಿ ಹೇಳುತ್ತೇನೆ.

ಕೆರೆಗಳ ಹತ್ತಿರ ಹೋಗಬೇಡಿ ಅಂತ ನಾನು ಹೇಳೋದೇ ಇಲ್ಲ. 2003ರ ಕಾನೂನಿನ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಹೆಚ್ಚಿನ ಜಮೀನುಗಳಲ್ಲಿ, ಕೆರೆ ದಂಡೆಗಳಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕು ನಮಗೂ ಇದೆ. ಹೋಗಿ, ದಡದಲ್ಲಿ ಕೂತು ಬುತ್ತಿ ಬಿಚ್ಚಿ. ನಡುಗಡ್ಡೆಗೆ ದಾಟಬೇಡಿ. ಕಲ್ಲುದಾರಿ ಕಂಡರೆ ಅದರ ಮೇಲೆ ಕಾಲಿಡಬೇಡಿ. ಗಾಳಿ ತುಂಬಿದ ದೋಣಿ, ಪ್ಯಾಡಲ್ ಬೋರ್ಡು ತಂದಿದ್ದರೆ ನಡುಗಡ್ಡೆಯಿಂದ ದೂರ ಇರಿ. ಕಲ್ಲಿನ ಗೋಪುರ ಕಟ್ಟುವ ಈ ಇನ್‌ಸ್ಟಾಗ್ರಾಮ್ ಚಟ ಬಿಟ್ಟುಬಿಡಿ. ಮಕ್ಕಳಿಗೆ ಕಲ್ಲು ಜೋಡಿಸಲೇಬೇಕು ಅಂದರೆ ಕಡಲ ದಂಡೆ ಇದೆ, ಮುಂದಿನ ಭರತಕ್ಕೆ ಅದೇ ಬಂದು ಕೆಡವಿಕೊಳ್ಳುತ್ತದೆ.

ಕೆರೆಯ ಅಂಚಿನಲ್ಲಿ ಬೋಕಿ ಕಣ್ಣಿಗೆ ಬಿದ್ದರೆ ಎತ್ತಬೇಡಿ. ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ಟು, ಅಳತೆ ಗೊತ್ತಾಗುವ ಹಾಗೆ ಫೋಟೋ ತೆಗೆಯಿರಿ, ಜಾಗದ ಗುರುತು ಉಳಿಸಿಕೊಳ್ಳಿ, ಸ್ಟೋರ್ನೊವೇಯ ಮ್ಯೂಸಿಯಂಗೆ ತಿಳಿಸಿ. ಸ್ಕಾಟ್ಲೆಂಡಿನಲ್ಲಿ ನೆಲದಲ್ಲಿ ಸಿಕ್ಕ ಹಳೆಯ ವಸ್ತು ಚಿನ್ನವೇ ಆಗಲಿ, ಮಣ್ಣಿನ ಚೂರೇ ಆಗಲಿ, ರಾಜಸತ್ತೆಗೆ ಸೇರಿದ್ದು. ತಿಳಿಸದೆ ಜೇಬಿಗೆ ಹಾಕಿಕೊಳ್ಳೋದು ಅಪರಾಧ. ಸಂರಕ್ಷಿತ ಅಂತ ಪಟ್ಟಿಯಲ್ಲಿರುವ ಜಾಗವನ್ನು ಕೆಡಿಸಿದರೆ 1979ರ ಕಾಯ್ದೆ ಬೇರೆ ಇದೆ. ನಮ್ಮಲ್ಲೂ 1878ರಿಂದ ಇಂಥ ಕಾನೂನು ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು! ನೆಲದಲ್ಲಿ 10 ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಹೇಳಬೇಕು.

ಮೇ ತಿಂಗಳಿಂದ ಆಗಸ್ಟ್‌ವರೆಗೆ ಬರುವವರು ಇನ್ನೊಂದು ಕಾರಣಕ್ಕೂ ಹುಷಾರಾಗಿರಬೇಕು. ರೆಡ್ ಥ್ರೋಟೆಡ್ ಡೈವರ್ ಅಂತ ಒಂದು ನೀರುಹಕ್ಕಿ, ಬೇಸಿಗೆಯಲ್ಲಿ ಕತ್ತಿನ ಮೇಲೆ ಇಟ್ಟಿಗೆ ಕೆಂಪಿನ ಪಟ್ಟಿ. ಅದರ ಕಾಲು ದೇಹದ ತೀರಾ ಹಿಂದೆ ಇರೋದರಿಂದ ನೆಲದ ಮೇಲೆ ಸರಿಯಾಗಿ ನಡೆಯೋಕೆ ಆಗಲ್ಲ. ಹಾಗಾಗಿ ಇಂಥ ಸಣ್ಣ ಕೆರೆಗಳ ಅಂಚಿನಲ್ಲಿ, ನಡುಗಡ್ಡೆಗಳಲ್ಲಿ, ನೀರಿಗೆ ಒಂದೇ ಹೆಜ್ಜೆಯಲ್ಲಿ ಗೂಡು ಮಾಡುತ್ತದೆ. ನೀವು ದಾಟಿ ಹೋದರೆ, ಮೇಲೆ ಡ್ರೋನ್ ಹಾರಿಸಿದರೆ ಅದು ಮೊಟ್ಟೆ ಬಿಟ್ಟು ನೀರಿಗೆ ಜಾರುತ್ತದೆ. ಕಾಗೆ ಕಾಯುತ್ತಿರುತ್ತದೆ. ಗೂಡಿನಲ್ಲಿರುವಾಗ ಅದನ್ನು ಕದಲಿಸೋದೂ ಅಪರಾಧವೇ. ದುರ್ಬೀನು ತನ್ನಿ, ದಡದಿಂದಲೇ ನೋಡಿ. ನಮ್ಮ ಪುಟ್ಟಿಗೆ ಆ ನಡುಗಡ್ಡೆಯಲ್ಲಿ ಗೂಡೇನೂ ಕಾಣಲಿಲ್ಲ. ಅದೊಂದು ನಮ್ಮ ಪುಣ್ಯ.

ಮುಟ್ಟಿ ನೋಡಲೇಬೇಕು ಅನ್ನುವವರಿಗೆ ಬೇರೆ ಜಾಗ ಇದೆ. ಸ್ಕಾಟ್ಲೆಂಡಿನ ಮುಖ್ಯ ನೆಲದಲ್ಲೇ, ಲಾಖ್ ಟೇ ದಂಡೆಯಲ್ಲಿ ಸ್ಕಾಟಿಷ್ ಕ್ರ್ಯಾನಗ್ ಸೆಂಟರ್ ಅಂತ. ನೀರಿನ ಮೇಲೆ ಅವರು ಹಳೇ ಮಾದರಿಯಲ್ಲಿ ಕಟ್ಟಿದ್ದ ಮನೆ 2021ರ ಜೂನ್‌ನಲ್ಲಿ ಬೆಂಕಿಗೆ ಹೋಯಿತು. ಛಲ ಬಿಡದೆ ಕೆರೆಯ ಇನ್ನೊಂದು ದಂಡೆಗೆ ಹೋಗಿ 2024ರಲ್ಲಿ ಮತ್ತೆ ತೆರೆದಿದ್ದಾರೆ. ಅಲ್ಲಿಯದು ಇಷ್ಟು ಹಳೆಯದಲ್ಲ, ಕಬ್ಬಿಣದ ಯುಗದ ಬದುಕು, ಸುಮಾರು 2500 ವರ್ಷದ ಹಿಂದಿನದು. ಮಕ್ಕಳು ಬೀಸಬಹುದು, ನೇಯಬಹುದು, ಬೆಂಕಿ ಹೊತ್ತಿಸೋದು ನೋಡಬಹುದು. ಆ ಕೆರೆಯಲ್ಲಿ ಅಗೆದಾಗ ಸಿಕ್ಕ ಮರದ ಬಟ್ಟಲೊಂದರಲ್ಲಿ ಇನ್ನೂ ಬೆಣ್ಣೆ ಅಂಟಿಕೊಂಡಿತ್ತು. ಪುಟ್ಟಿಯನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದೆವು. ಬೀಸುವ ಕಲ್ಲು ಮುಟ್ಟುವ ಮೊದಲು ಅಲ್ಲಿದ್ದವರನ್ನು ಮೂರು ಸಲ ಕೇಳಿದಳು, ಮುಟ್ಟಬಹುದಾ, ಮುಟ್ಟಬಹುದಾ ಅಂತ.

ನಾವು ಹೋದ ಕೆರೆಯ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಮ್ಯಾಪ್‌ನಲ್ಲಿ ಪಿನ್ ಬೀಳುತ್ತದೆ. ಅವತ್ತಿನ ವಿಡಿಯೋ ಅಳಿಸಿದ್ದೇನೆ. ಅಳಿಸುವ ಮೊದಲು, ಯಾವ ಕಲ್ಲು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನಿಲ್ಲಿಸಿ ನಿಲ್ಲಿಸಿ ನೋಡಿ, ಚಿತ್ರ ಬರೆದು, ಫೋಟೋಗಳ ಜೊತೆ ಅಲ್ಲಿಯವರಿಗೆ ಕಳಿಸಿದೆ. ಕ್ಷಮೆಯನ್ನೂ ಕೇಳಿದೆ. ಕಳಿಸಿದ್ದು ಒಳ್ಳೆಯದಾಯಿತು ಅಂತ ಉತ್ತರ ಬಂತು. ಬೈಗುಳ ಆಗಲೂ ಇರಲಿಲ್ಲ.

ಇಂತಿ,
ಗ್ಲಾಸ್ಗೋದಿಂದ ಒಬ್ಬ ಕನ್ನಡಿಗ

ಮರೆತಿದ್ದೆ: ಲೂಯಿಸ್‌ನಲ್ಲಿ ಭಾನುವಾರ ಅಂದರೆ ದೇವರ ದಿನ. ಹಡಗೇ 2009ರವರೆಗೆ ಭಾನುವಾರ ಬಿಡುತ್ತಿರಲಿಲ್ಲ. ಈಗಲೂ ಹೆಚ್ಚಿನ ಅಂಗಡಿ, ಹೋಟೆಲ್ ಮುಚ್ಚಿರುತ್ತವೆ. ಶನಿವಾರವೇ ಹಾಲು, ಮೊಸರು ತಂದಿಟ್ಟುಕೊಳ್ಳಿ. ಪುಳಿಯೋಗರೆ ಗೊಜ್ಜು ಮನೆಯಿಂದ ಬರಲಿ. ಗಾಳಿ ನಿಂತ ಸಂಜೆ ಮಿಡ್ಜ್ ಅನ್ನೋ ಗುಂಗಾಡು ಹುಳು ಮುಖಕ್ಕೆ ಮುತ್ತಿಕೊಳ್ಳುತ್ತದೆ, ತಲೆಗೆ ಹಾಕೋ ಬಲೆ ಸ್ಟೋರ್ನೊವೇಯಲ್ಲೇ ಸಿಗುತ್ತದೆ.